ಸಜ್ಜನ ಡಿಸ್ಕು, ಶಂಕಿತ ಡಿಸ್ಕು

ನಾನು ಯಾರನ್ನೂ ನಂಬುವವನಲ್ಲ! ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ವಾರಕ್ಕೊಂದು ಅಂಕಣ ಬರೆದು ಊರಿನ ಹುಳುಕನ್ನೆಲ್ಲ ಎತ್ತಿ ಆಡುವವನು ಬೆಳಗ್ಗೆ ಎದ್ದು ಹಾಲಿನ ಪ್ಯಾಕೆಟ್ಟನ್ನೂ ಬೆಳಕಿಗೆ ಹಿಡಿದೇ ನೋಡಬೇಕು. ನಾನು ಹಿಡಿದು ನೋಡುತ್ತೇನೆ. ನಾನು ತಕ್ಕಡಿಯ ಮುಂದೆ ನಿಂತರೆ ತರಕಾರಿಯವನು ತಾನಾಗಿಯೇ ಇನ್ನೆರಡು ಬದನೆಕಾಯಿ ಹಾಕುತ್ತಾನೆ. ಆ ಎರಡನ್ನು ಯಾಕೆ ಹಾಕಿದ ಎಂದು ನಾನು ಮನೆ ಮುಟ್ಟುವವರೆಗೂ ಯೋಚಿಸುತ್ತೇನೆ.

ಇಂಥ ನನ್ನ ಮುಂದೆ ಒಂದು ದಿನ ಹೆಂಡತಿ ಫೋನು ಚಾಚಿದಳು.

"ರೀ, ಜಾಗ ತುಂಬೋಯ್ತು ಅಂತಿದೆ. ಅಮ್ಮನ ಮಾತೆಲ್ಲ ಇದರಲ್ಲೇ ಇದೆ. ಏನಾದ್ರೂ ಮಾಡಿ."

ಅಮ್ಮನ ಮಾತು ಅಂದರೆ ನನ್ನ ಅತ್ತೆಯ ಮಾತು. ಅವರಿಗೆ ಫೋನಿನಲ್ಲಿ ಅಕ್ಷರ ಒತ್ತುವುದೆಂದರೆ ಬೇಸರ. ಹೇಳಬೇಕಾದ್ದನ್ನೆಲ್ಲ ಫೋನಿನ ಎದುರು ಹೇಳಿ ಮಗಳಿಗೆ ಕಳಿಸಿಬಿಡುತ್ತಿದ್ದರು. ಮಾತ್ರೆ ನುಂಗಿದೆ, ನಲ್ಲಿ ಸೋರುತ್ತಿದೆ, ಎದುರು ಮನೆಯವರು ಪರದೆ ಬದಲಾಯಿಸಿದರು, ಬಣ್ಣ ಚೆನ್ನಾಗಿಲ್ಲ... ಹೀಗೆ ವರ್ಷಗಟ್ಟಲೆ. ಹೋದ ವರ್ಷ ಅವರು ತೀರಿಕೊಂಡರು, ಮಾತು ಉಳಿಯಿತು. ನನ್ನ ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಬಸ್ಸಿನಲ್ಲಿ ಹೋಗುವಾಗ ಕಿವಿಗೆ ಸಿಕ್ಕಿಸಿಕೊಂಡು ಒಂದೊಂದೇ ಕೇಳುತ್ತಾಳೆ. ಕೆಲವು ದಿನ ನಗುತ್ತಾ ಇಳಿಯುತ್ತಾಳೆ. ಕೆಲವು ದಿನ ಇಳಿಯುವುದನ್ನೇ ಮರೆತು ಮುಂದಿನ ಸ್ಟಾಪಿನಿಂದ ನಡೆದು ಬರುತ್ತಾಳೆ.

ಇನ್ನೊಂದು ವಿಷಯವನ್ನೂ ಹೇಳಿಬಿಡಬೇಕು. ಆ ಮಾತಿನಲ್ಲಿ ಅರ್ಧಕ್ಕರ್ಧ ನನ್ನನ್ನು ಬೈದದ್ದೇ ಇದೆ. ಅತ್ತೆಯ ಬಳಿ ಒಂದು ಹಳೆಯ ರೇಡಿಯೋ ಇತ್ತು. ಅದರೊಳಗಿಂದ ಗರಗರ ಶಬ್ದ ಬರುತ್ತಿದ್ದುದರಿಂದ ಅನುಮಾನಗೊಂಡು ನಾನು ಬಿಚ್ಚಿ ನೋಡಿದ್ದೆ. ಬಿಚ್ಚಿದ ಮೇಲೆ ಗರಗರ ನಿಂತಿತು. ರೇಡಿಯೋನೂ ನಿಂತಿತು!

"ತಮ್ಮ ಹೇಳ್ತಿದ್ದ, ಕ್ಲೌಡಿಗೆ ಹಾಕ್ಬಿಡಿ ಅಂತ," ಎಂದಳು.

"ಕ್ಲೌಡಿಗಾ?" ನಾನು ಎದ್ದು ನಿಂತೆ. ಇಂಥ ಮಾತಿಗೆ ಕೂತು ಉತ್ತರ ಕೊಡಲಾಗುವುದಿಲ್ಲ. "ಯಾರದೋ ಗೋದಾಮಿನಲ್ಲಿ ನಿಮ್ಮಮ್ಮನ ಮಾತಿಟ್ಟು, ಬಾಗಿಲಲ್ಲಿ ನಿಂತು ಸ್ವಾಮೀ ಕೊಡಿ ಅಂತ ಕೈಯೊಡ್ಡಬೇಕಾ? ಅವರು ಕೇಳಿಸ್ಕೊಳ್ಳಲ್ಲ ಅಂತ ಏನು ಗ್ಯಾರಂಟಿ?"

"ನಲ್ಲಿ ಸೋರೋದನ್ನ ಕೇಳಿಸ್ಕೊಂಡು ಅವರೇನು ಮಾಡ್ತಾರೆ?"

"ಅದೇ! ಅದನ್ನೇ ಯಾರೂ ಪ್ರಶ್ನಿಸ್ತಿಲ್ಲ! ನಾನೇ ಮನೇಲಿ ಸರ್ವರ್ ಕಟ್ತೀನಿ. ನಿಮ್ಮಮ್ಮನ ಮಾತಿಗೆ ಕೋಟೆ ಕಟ್ತೀನಿ!"

 ಅಮ್ಮನ ನೆನಪಿಗೆಂದು ಕಪಾಟಿನ ಮೇಲಿಟ್ಟಿದ್ದ ಆ ಸತ್ತ ರೇಡಿಯೋ ಕಡೆ ಅವಳು ಒಮ್ಮೆ ನೋಡಿದಳು, ಅಷ್ಟೇ.

ಮುಚ್ಚಿಹೋದ ಮುದ್ರಣಾಲಯವೊಂದರಿಂದ ಹಳೆಯ ಕಂಪ್ಯೂಟರು ತಂದೆ. ಅದನ್ನು ನಡೆಸಲು ಲಿನಕ್ಸ್ ಎಂಬ ತಂತ್ರಾಂಶ ಹಾಕುವುದೆಂದು ತೀರ್ಮಾನವಾಯಿತು. ಅದು ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಕೊಡುವವನ ಮೇಲೆ ನನಗೆ ದುಪ್ಪಟ್ಟು ಅನುಮಾನ. ಆದರೆ ಅದರ ಒಳಗಿನ ಬರವಣಿಗೆಯನ್ನೆಲ್ಲ ಯಾರು ಬೇಕಾದರೂ ತೆರೆದು ಓದಬಹುದಂತೆ. ತೆರೆದೆ, ಓದಿದೆ. ಒಂದಕ್ಷರ ಅರ್ಥವಾಗಲಿಲ್ಲ. ಆದರೂ, ಬಂದು ನೋಡಿಕೋ ಅಂದನಲ್ಲ, ಅಷ್ಟು ಧೈರ್ಯ ಇರುವವನು ಕಳ್ಳನಾಗಿರಲಾರ ಎಂದು ಒಪ್ಪಿಕೊಂಡೆ.

ಮುಂದಿನದು ಡಿಸ್ಕಿನ ಪ್ರಶ್ನೆ. ಡಿಸ್ಕು ಎಂಬುದು ಸಾಯುವ ವಸ್ತು. ಹೇಳದೆ ಕೇಳದೆ ಸಾಯುತ್ತದೆ. ಅದಕ್ಕೇ ಒಂದಕ್ಕಿಂತ ಹೆಚ್ಚು ಡಿಸ್ಕು ಜೋಡಿಸಿ, ಒಂದು ಸತ್ತರೂ ಸಂಸಾರ ನಡೆಯುವಂತೆ ಮಾಡುವ ಏರ್ಪಾಡಿದೆ. ಅದಕ್ಕೆ ರೇಡ್ ಎನ್ನುತ್ತಾರೆ. ಅದರಲ್ಲೂ ಸೊನ್ನೆ, ಒಂದು, ಐದು, ಆರು, ಹತ್ತು ಅಂತ ನಂಬರುಗಳು. ನಡುವಿನ ಎರಡು, ಮೂರು, ನಾಲ್ಕನ್ನು ಯಾಕೆ ಯಾರೂ ಬಳಸುವುದಿಲ್ಲ? ಯಾರನ್ನು ಕೇಳಿದರೂ "ಅವು ಈಗ ಚಾಲ್ತಿಯಲ್ಲಿಲ್ಲ" ಅಂತಾರೆ. ಚಾಲ್ತಿಯಿಂದ ತೆಗೆದವರು ಯಾರು? ಬಚ್ಚಿಡುವಂಥದ್ದು ಏನಿತ್ತು?

ನನ್ನ ಭಾವಮೈದ ಒಂದು ಕಚೇರಿಯಲ್ಲಿ ಸರ್ವರುಗಳನ್ನು ಸಾಕುವ ಕೆಲಸದಲ್ಲಿದ್ದಾನೆ. ಯಾವ ಕಷ್ಟ ಹೇಳಿಕೊಂಡರೂ "ಒಂದ್ಸಲ ರೀಸ್ಟಾರ್ಟ್ ಮಾಡಿ ಭಾವ" ಎನ್ನುತ್ತಾನಾದ್ದರಿಂದ ಅವನಿಗೆ ಮನೆಯಲ್ಲಿ ರೀಸ್ಟಾರ್ಟ್ ಎಂದೇ ಹೆಸರು. ಅವನು ಬಂದು ಸೋಫಾದ ಮೇಲೆ ಕಾಲು ಮಡಚಿ ಕೂತು ಉಪದೇಶ ಶುರುಮಾಡಿದ.

"ಸೊನ್ನೆ ಅಂದ್ರೆ ಭಾವ, ಒಂದೇ ಮಾತನ್ನ ತುಂಡು ಮಾಡಿ ಅರ್ಧ ಇದರಲ್ಲಿ, ಅರ್ಧ ಅದರಲ್ಲಿ ಇಡುತ್ತೆ. ಬಲೇ ಸ್ಪೀಡು. ಆದ್ರೆ ಒಂದು ಹೋದ್ರೆ ಎರಡೂ ಹೋದ ಹಾಗೆ."

"ಅದು ಸಮ್ಮಿಶ್ರ ಸರ್ಕಾರ. ಬೇಡ."

"ಐದು ಅಂದ್ರೆ ಮೂರು ಡಿಸ್ಕು. ಒಂದು ಸತ್ರೆ, ಉಳಿದೆರಡು ಲೆಕ್ಕ ಹಾಕಿ ಅದರಲ್ಲೇನಿತ್ತು ಅಂತ ಹೇಳ್ತವೆ."

"ಸತ್ತವರ ಬಗ್ಗೆ ಉಳಿದವರು ಹೇಳೋದನ್ನ ನಂಬೋದಾ? ಮೂರು ಜನ ಓರಗಿತ್ತಿಯರಲ್ಲಿ ಒಬ್ಬಳಿಲ್ಲದಾಗ ಉಳಿದಿಬ್ಬರು ಏನು ಹೇಳ್ತಾರೆ ಅಂತ ಗೊತ್ತಿಲ್ವಾ ನಿನಗೆ? ಬೇಡ!"

"ಹಾಗಾದ್ರೆ ಒಂದು. ಕನ್ನಡಿ ಇದ್ದ ಹಾಗೆ. ಇದರಲ್ಲಿ ಬರೆದಿದ್ದು ಹಾಗೇ ಅದರಲ್ಲೂ ಬರೆಯುತ್ತೆ."

ಅದು ನನಗೆ ಹಿಡಿಸಿತು. ಇಬ್ಬರು ಕಾವಲುಗಾರರು, ಒಬ್ಬರ ಮೇಲೊಬ್ಬರ ಕಣ್ಣು. ಪ್ರಜಾಪ್ರಭುತ್ವವೆಂದರೆ ಹೀಗಿರಬೇಕು!

"ಆದ್ರೆ ಭಾವ," ಎಂದ ರೀಸ್ಟಾರ್ಟ್, ಬೆರಳೆತ್ತಿ, "ಕನ್ನಡಿ ಅಂದ್ರೆ ಬ್ಯಾಕಪ್ ಅಲ್ಲ. ಇನ್ನೊಂದು ಕಾಪಿ ಹೊರಗಡೆ ಇರ್ಬೇಕು. ನಮ್ಮನೇಲಿಡಿ ಬೇಕಾದ್ರೆ."

ನಮ್ಮನೇಲಿಡಿ! ಬಂತು ನೋಡಿ! ಅತ್ತೆಯ ಒಡವೆ ಹಂಚುವಾಗಲೂ ಇವನು ಇದೇ ಧ್ವನಿಯಲ್ಲಿ ಇದೇ ಮಾತು ಹೇಳಿದ್ದ. ನಾನು ನಕ್ಕು ಕಾಫಿ ಕೊಟ್ಟು ಕಳಿಸಿದೆ.

ಎರಡು ಡಿಸ್ಕನ್ನೂ ಒಂದೇ ಕಡೆ ಕೊಂಡರೆ ಒಂದೇ ಸಲ ಸಾಯಬಹುದು. ಆದ್ದರಿಂದ ಬೇರೆ ಬೇರೆ ಅಂಗಡಿಗೆ ಹೋದೆ. ಮೊದಲನೆಯ ಅಂಗಡಿಯವನು ಮೌನಮೂರ್ತಿ. ನಗಲಿಲ್ಲ, ಹೊಗಳಲಿಲ್ಲ, ಡಿಸ್ಕು ಎತ್ತಿ ಕೌಂಟರಿನ ಮೇಲಿಟ್ಟು ಗೋಡೆ ನೋಡಿದ. ಎಂಥ ಪ್ರಾಮಾಣಿಕ ಮುಖ! ಎರಡನೆಯವನು ನಗೆಮಲ್ಲ. ಬಾಗಿಲಲ್ಲೇ "ಬನ್ನಿ ಬನ್ನಿ ಸಾರ್!" ಕುರ್ಚಿ ಒರೆಸಿದ. ನೀರು ಕೊಟ್ಟ. ನನ್ನ ಅಂಕಣ ಓದುತ್ತೇನೆ ಎಂದ! ನನ್ನ ಅಂಕಣ ಓದುವವರು ಇದ್ದಾರೆಂಬುದನ್ನೇ ನಾನು ನಂಬುವುದಿಲ್ಲ. ಕೊನೆಗೆ, ಇದು ಜೋಡಿಯಲ್ಲಿ ಎರಡನೆಯದು ಎಂದು ನನ್ನಿಂದಲೇ ತಿಳಿದುಕೊಂಡು, ಬಿಲ್ಲು ಹರಿಯುವಾಗ ಅವನೂ ಹಲ್ಲು ಬಿಟ್ಟು ಅದನ್ನೇ ಹೇಳಿದ:

"ಸಾರ್, ಬ್ಯಾಕಪ್‌ಗೆ ಅಂತ ಇನ್ನೊಂದು ಚಿಕ್ಕದು ತಗೊಳ್ಳಿ. ಎರಡೂ ಒಂದೇ ಡಬ್ಬದಲ್ಲಿರೋದು ಒಳ್ಳೇದಲ್ಲ."

ಭಾವಮೈದ ಹೇಳಿದ್ದನ್ನೇ ಇವನೂ ಹೇಳುತ್ತಿದ್ದಾನೆ! ಇಬ್ಬರು ಒಂದೇ ಮಾತು ಹೇಳಿದರೆ ಜನಸಾಮಾನ್ಯರು ಅದನ್ನು ಸತ್ಯ ಎನ್ನುತ್ತಾರೆ. ನಾನು ಒಳಸಂಚು ಎನ್ನುತ್ತೇನೆ. ಮನೆಗೆ ಬಂದು ಆ ವಾರದ ಅಂಕಣ ಬರೆದೆ: "ಮೂರನೆಯ ಡಿಸ್ಕಿನ ಹುನ್ನಾರ." ಅಂಗಡಿಯ ಹೆಸರು ಬರೆಯಲಿಲ್ಲ, ನಗು ಮಾತ್ರ ವರ್ಣಿಸಿದೆ. ಊರಿನವರಿಗೆ ಅಷ್ಟು ಸಾಕು.

ಡಿಸ್ಕುಗಳಿಗೆ ಚೀಟಿ ಅಂಟಿಸಿದೆ. ಮೌನಮೂರ್ತಿಯದಕ್ಕೆ ‘ಸಜ್ಜನ’. ನಗೆಮಲ್ಲನದಕ್ಕೆ ‘ಶಂಕಿತ’.

ಸಂಸ್ಥಾಪನೆಯಾಯಿತು. ಹೆಂಡತಿಯ ಫೋನಿನಿಂದ ಅಮ್ಮನ ಮಾತೆಲ್ಲ ಕೋಟೆಯೊಳಗೆ ಬಂತು. ಮನೆಯಲ್ಲಾಗಲಿ ಬಸ್ಸಿನಲ್ಲಾಗಲಿ ಅವಳು ಬೇಕಾದಾಗ ಸರ್ವರಿನಿಂದಲೇ ಕೇಳಬಹುದು. ನನ್ನ ಇಷ್ಟು ವರ್ಷದ ಅಂಕಣಗಳೂ ಪಕ್ಕದಲ್ಲೇ ಠಿಕಾಣಿ ಹೂಡಿದವು.

"ಇನ್ನು ಫೋನಿನಿಂದ ಅಳಿಸಿಬಿಡೋಣ," ಎಂದೆ.

"ಎರಡು ಕಡೆ ಇದೆ ತಾನೇ?"

"ಎರಡು ಡಿಸ್ಕು! ಒಂದು ಸತ್ರೆ ಇನ್ನೊಂದು!"

"ಒಂದೇ ಡಬ್ಬದಲ್ಲಿ?"

"ಹೌದು. ಏನೀಗ?"

"ಏನಿಲ್ಲ. ನಮ್ಮ ಲ್ಯಾಬಲ್ಲಿ ಒಂದೇ ಫ್ರಿಜ್ಜಲ್ಲಿ ಎರಡು ಬಾಟ್ಲಿ ಇಟ್ರೆ ಅದನ್ನ ಎರಡು ಅನ್ನಲ್ಲ. ಕರೆಂಟ್ ಇರೋವರೆಗೆ ಎರಡು ಅಂತಾರೆ." ಸೆರಗು ಸರಿಮಾಡಿಕೊಂಡು ಚಪ್ಪಲಿ ಮೆಟ್ಟಿದಳು. "ನಾಳೆ ಅಳಿಸಿ. ಇವತ್ತು ಬಸ್ಸಲ್ಲಿ ಫೋನಿನಿಂದಲೇ ಇನ್ನೊಂದ್ಸಲ ಕೇಳ್ಕೊಂಡು ಹೋಗ್ತೀನಿ."

ಮರುದಿನ ಅಳಿಸಿದೆ. ನನ್ನ ಕೈಯಾರೆ!

ಕೆಲವು ತಿಂಗಳು ಕೋಟೆ ಚೆನ್ನಾಗಿತ್ತು. ನಾನು ದಿನವೂ ಹೋಗಿ ಡಬ್ಬಕ್ಕೆ ಕಿವಿಕೊಟ್ಟು ಶಂಕಿತನ ಉಸಿರಾಟ ಕೇಳುತ್ತಿದ್ದೆ. ಅವನು ಸದ್ದಿಲ್ಲದೆ ಇರುತ್ತಿದ್ದ. ಸದ್ದಿಲ್ಲದೆ ಇರುವವರನ್ನು ನಂಬಬಾರದು. ಸಜ್ಜನ ಆಗೀಗ ‘ಟಿಕ್’ ಅನ್ನುತ್ತಿದ್ದ. ಪಾಪ, ಕಷ್ಟಪಟ್ಟು ದುಡಿಯುವವರಿಗೆ ಮೈಕೈ ನೋವು ಸಹಜ.

ಒಂದು ಬೆಳಗ್ಗೆ ಸರ್ವರಿನಿಂದ ಈಮೇಲು ಬಂತು. ಎರಡನೇ ಡಿಸ್ಕು ಕೆಟ್ಟಿದೆ!

ನನಗೆ ದುಃಖವಾಗಬೇಕಿತ್ತು. ಆದರೆ ಆದದ್ದು ಸಂತೋಷ! ಎರಡನೆಯದಾಗಿ ಕೊಂಡದ್ದು ಯಾವುದು? ಶಂಕಿತ! ನಗುವಿನ ಹಿಂದಿನ ನಂಜು ಕೊನೆಗೂ ಹೊರಬಿತ್ತು! ಈಮೇಲಿನಲ್ಲಿ ಕೆಳಗೆ ಇನ್ನೂ ಏನೇನೋ ಉದ್ದುದ್ದ ನಂಬರು ಇದ್ದವು. ಅಪರಾಧಿ ಯಾರೆಂದು ಮೊದಲೇ ಗೊತ್ತಿದ್ದ ಮೇಲೆ ಸಾಕ್ಷಿ ಓದುವವನು ಯಾರು? ಕಂಪ್ಯೂಟರು ಆರಿಸಿದೆ, ಡಬ್ಬ ಬಿಚ್ಚಿದೆ, ಶಂಕಿತನನ್ನು ಕಿತ್ತು ಹೊರಗೆಳೆದೆ.

ಅಂಗಡಿಗೆ ಹಿಂತಿರುಗಿಸಬೇಕು. ಆದರೆ ಹಾಗೇ ಕೊಟ್ಟರೆ? ನಗೆಮಲ್ಲ ನನ್ನ ಅಂಕಣಗಳ ಕರಡು ಓದಿಬಿಟ್ಟರೆ? ಅತ್ತೆ ನನ್ನನ್ನು ಬೈದದ್ದನ್ನು ಕೇಳಿಸಿಕೊಂಡರೆ? ಅಯ್ಯೋ! ಶಂಕಿತನನ್ನು ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ, ಅದರ ಮೈತುಂಬ, ಒಂದು ಸಾಸಿವೆಕಾಳಿನಷ್ಟು ಜಾಗವನ್ನೂ ಬಿಡದೆ, ಬರೀ ಸೊನ್ನೆ ಬಳಿಸಿದೆ. ಮಧ್ಯಾಹ್ನವಾಯಿತು. ಯಾವ ದೇವರು ಬಂದರೂ ಇನ್ನು ಅದರಿಂದ ಒಂದಕ್ಷರ ಹೊರಡಿಸಲಾರ ಎಂದು ಖಾತ್ರಿಯಾದ ಮೇಲೆ ಚೀಲಕ್ಕೆ ಹಾಕಿಕೊಂಡು ಹೊರಟೆ.

ಕೆಟ್ಟ ಡಿಸ್ಕಾದರೂ ಎಷ್ಟು ಸಲೀಸಾಗಿ ಸೊನ್ನೆ ಬಳಿಸಿಕೊಂಡಿತಲ್ಲ ಎಂಬ ಅನುಮಾನ ಆಗ ನನಗೆ ಬರಲಿಲ್ಲ. ಜೀವಮಾನದಲ್ಲಿ ಬರಬೇಕಾಗಿದ್ದ ಒಂದೇ ಒಂದು ಅನುಮಾನ!

"ಬನ್ನಿ ಬನ್ನಿ ಸಾರ್!" ಎಂದ ನಗೆಮಲ್ಲ. "ಮೇಡಂ ಹೇಗಿದ್ದಾರೆ?"

ನಾನು ಬಾಗಿಲಲ್ಲೇ ನಿಂತೆ. ಮೇಡಂ? ಇವನಿಗೆ ನನ್ನ ಹೆಂಡತಿ ಹೇಗೆ ಗೊತ್ತು? ನಾನಂತೂ ಅವಳನ್ನು ಇಲ್ಲಿಗೆ ಕರೆತಂದವನಲ್ಲ!

"ಮೇಡಂ ವಿಷಯ ಬಿಡಿ! ನಿಮ್ಮ ಡಿಸ್ಕು ಸತ್ತಿದೆ!"

ಅವನು ಅದನ್ನು ತನ್ನ ಯಂತ್ರಕ್ಕೆ ಸಿಕ್ಕಿಸಿ ನೋಡಿದ. ತಿರುಗಿಸಿ ನೋಡಿದ. ಮೊದಲ ಸಲ ಅವನ ನಗು ಸ್ವಲ್ಪ ಕಡಿಮೆಯಾಯಿತು.

"ಸಾರ್, ಇದಕ್ಕೇನೂ ಆಗಿಲ್ಲ. ಗುಂಡುಕಲ್ಲಿನ ಹಾಗಿದೆ. ಖಾಲಿ ಇದೆ ಅಷ್ಟೇ."

"ಸುಳ್ಳು!"

"ಇದನ್ನ ಖಾಲಿ ಮಾಡಿದ್ದು ಯಾರು ಸಾರ್?"

"ನಾನೇ! ನೀವು ಓದಬಾರದು ಅಂತ!"

ಅಂಗಡಿಯಲ್ಲಿ ಮೌಸು ಕೊಳ್ಳಲು ಬಂದಿದ್ದ ಒಬ್ಬ ಹೆಂಗಸು ನನ್ನಿಂದ ಒಂದು ಹೆಜ್ಜೆ ದೂರ ಸರಿದು ನಿಂತಳು. ನಗೆಮಲ್ಲ ಡಿಸ್ಕನ್ನು ಎರಡೂ ಕೈಯಲ್ಲಿ ಹಿಡಿದು, ಸತ್ತವರ ಮನೆಯಲ್ಲಿ ಮಾತಾಡುವ ಧ್ವನಿಯಲ್ಲಿ, "ಸಾರ್, ಮನೆಗೆ ಹೋಗಿ ಇನ್ನೊಂದನ್ನ ನೋಡಿ," ಎಂದ.

ಹೇಗೆ ಮನೆಗೆ ಬಂದೆನೋ ತಿಳಿಯದು. ಡಬ್ಬದೊಳಗೆ ಸಜ್ಜನ ಒಬ್ಬನೇ ಕೂತಿದ್ದ. ಗುಂಡಿ ಒತ್ತಿದೆ. ಟಿಕ್. ಟಿಕ್. ಟಕ್. ಕೊನೆಗೊಂದು ಕರ್ ಎಂಬ ಶಬ್ದ. ಅತ್ತೆಯ ರೇಡಿಯೋದ ಗರಗರವೇ! ಆಮೇಲೆ ಅದೂ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಹಾಗಾಗಿತ್ತು. ಎತ್ತು ಸತ್ತಿತು. ಎಮ್ಮೆಗೆ ನಾನು ಬರೆ ಹಾಕಿರಲಿಲ್ಲ, ಚರ್ಮವನ್ನೇ ಸುಲಿದಿದ್ದೆ.

ರೀಸ್ಟಾರ್ಟನನ್ನು ಕರೆಸಿದೆ. ಅವನು ಮೊದಲು ರೀಸ್ಟಾರ್ಟ್ ಮಾಡಿ ನೋಡಿದ. ಆಮೇಲೆ ಈಮೇಲು ಕೇಳಿದ.

"ಭಾವ, ಯಾವ ಡಿಸ್ಕು ಅಂತ ಇಲ್ಲಿ ನಂಬರ್ ಸಮೇತ ಬರೆದಿದೆಯಲ್ಲ. ಡಿಸ್ಕಿನ ಮೇಲೂ ಅದೇ ನಂಬರ್ ಇದೆ. ನಿಮ್ಮ ಚೀಟಿ ಅಂಟಿಸಿದೀರಲ್ಲ, ಅದರ ಕೆಳಗೇ! ನೀವು ಕೊಂಡ ಎರಡನೇದೇ ಕಂಪ್ಯೂಟರಿಗೂ ಎರಡನೇದಾಗ್ಬೇಕು ಅಂತ ಏನಿಲ್ಲ. ಓದಿದ್ರಾ ಇದನ್ನ?"

"ಓದಿದೆ."

"ಎಲ್ಲಿವರೆಗೆ?"

"‘ಕೆಟ್ಟಿದೆ’ ಅನ್ನೋವರೆಗೆ."

‘ಸಜ್ಜನ’ ಎಂಬ ಚೀಟಿಯನ್ನು ಅವನು ಉಗುರಿನಿಂದ ಕೆರೆದು ತೆಗೆದ. ಅಡಿಯಲ್ಲಿ ಆ ನಂಬರು ನಿಚ್ಚಳವಾಗಿ ಕೂತಿತ್ತು. ಹೋದ ವರ್ಷವಷ್ಟೇ ಒಬ್ಬ ಬೀದಿ ವ್ಯಾಪಾರಿಯನ್ನು ಮುಖ ಸರಿಯಿಲ್ಲ ಎಂದು ಠಾಣೆಗೆ ಎಳೆದೊಯ್ದಾಗ ಪೊಲೀಸರ ಜನ್ಮ ಜಾಲಾಡಿ ಬರೆದವನು ನಾನು! ‘ಮುಖ ನೋಡಿ ಮೊಕದ್ದಮೆ’ ಎಂದು ತಲೆಬರಹ ಕೊಟ್ಟಿದ್ದೆ. ನಾಲ್ಕಾರು ಜನ ಫೋನು ಮಾಡಿ ಹೊಗಳಿದ್ದರು. ಆ ಅಂಕಣವೂ ಸಜ್ಜನನ ಹೊಟ್ಟೆಯಲ್ಲೇ ಸತ್ತಿತ್ತು.

ಹೆಂಡತಿ ಕೆಲಸದಿಂದ ಬಂದಳು. ಟೀಪಾಯಿಯ ಮೇಲೆ ಬಿಚ್ಚಿದ ಡಬ್ಬ, ಅದರ ಎರಡು ಕಡೆ ನಾವಿಬ್ಬರು. ನಾನು ಒದರಿಬಿಟ್ಟೆ. ಒಂದನ್ನೂ ಮುಚ್ಚಿಡಲಿಲ್ಲ.

"ಅಮ್ಮಂದೂ ಹೋಯ್ತಾ?"

"ಎಲ್ಲಾ ಹೋಯ್ತು."

ಅವಳು ಕೂತಳು. ನನ್ನ ಮುಖವನ್ನೇ ನೋಡಿದಳು. ಹಾಲಿನ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ.

"ಅಮ್ಮ ನಿಮ್ಮನ್ನ ಬೈದಿದ್ದೆಲ್ಲ ಅದರಲ್ಲೇ ಇತ್ತಲ್ವಾ?"

"ಇತ್ತು... ಏಯ್! ಏನು ಹಾಗಂದ್ರೆ?"

"ಏನಿಲ್ಲ. ಸುಮ್ನೆ ಕೇಳ್ದೆ."

"ನಾನು ಬೇಕಂತಲೇ ಅಳಿಸಿದೆ ಅಂತೀಯಾ? ನನ್ನನ್ನ ಅನುಮಾನಿಸ್ತೀಯಾ?"

"ಭಾವ, ಉದ್ದೇಶ ಇದೆ, ಅವಕಾಶ ಇತ್ತು, ಸಾಕ್ಷಿ ನೀವೇ ಅಳಿಸಿದೀರ," ಎಂದು ರೀಸ್ಟಾರ್ಟ್ ನನ್ನ ಅಂಕಣದ ಶೈಲಿಯಲ್ಲೇ ಹೇಳಿದ. ಅನುಮಾನ ಎಂಬುದು ಇನ್ನೊಬ್ಬರ ತಲೆಯ ಮೇಲಿದ್ದಾಗ ಕಿರೀಟದಂತೆ ಕಾಣುತ್ತದೆ. ನಮ್ಮ ತಲೆಗೇ ಬಂದು ಕೂತಾಗಲೇ ಗೊತ್ತಾಗುವುದು, ಅದು ಕೆಂಡದ ಬಾಣಲೆ ಎಂದು.

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಊಟ ಬಡಿಸಿದಳು. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಮರುದಿನ ಬೆಳಗ್ಗೆ ಅವಳು ಕಿವಿಗೆ ಏನನ್ನೂ ಸಿಕ್ಕಿಸಿಕೊಳ್ಳದೆ ಬರಿಗಿವಿಯಲ್ಲಿ ಬಸ್ಸು ಹತ್ತುವುದನ್ನು ಕಿಟಕಿಯಿಂದ ನೋಡಿದೆ.  ಬೈದಿದ್ದಾದರೂ ಸರಿ, ಅತ್ತೆಯ ಧ್ವನಿ ಒಂದೇ ಒಂದು ಸಲ ಕೇಳಿದರೆ ಸಾಕು ಅನ್ನಿಸಿತು. ನನಗೇ!

ಮಾಡಬಹುದಾದ್ದು ಒಂದೇ ಉಳಿದಿತ್ತು. ನಗೆಮಲ್ಲನ ನಗುವನ್ನು ವರ್ಣಿಸಿದ ಅಂಕಣವೇನೋ ಎಂದೋ ಅಚ್ಚಾಗಿಹೋಗಿತ್ತು. ಅದರ ಎರಡನೆಯ ಕಂತನ್ನು ಆ ದುರ್ದಿನ ಬೆಳಗ್ಗೆಯೇ, ಈಮೇಲು ಬಂದ ಖುಷಿಯಲ್ಲಿ, "ನಗುವಿನ ಹಿಂದಿನ ನಂಜು" ಎಂದು ಬರೆದು ಕಳಿಸಿದ್ದೆ. ಸಂಪಾದಕರಿಗೆ ಫೋನು ಮಾಡಿದೆ.

"ಅದನ್ನ ಹಾಕ್ಬೇಡಿ. ಆ ಅಂಗಡಿಯವನದು ತಪ್ಪಿಲ್ಲ."

ಆ ಕಡೆ ಬಾಗಿಲು ಮುಚ್ಚಿಕೊಂಡ ಸದ್ದಾಯಿತು. ಆಮೇಲೆ ಮೆಲ್ಲಗೆ, "ಎಷ್ಟು ಕೊಟ್ರು?" ಎಂದರು.

ಇಷ್ಟು ವರ್ಷ ನಾನೇ ಅವರಿಗೆ ಕಲಿಸಿಕೊಟ್ಟ ಪ್ರಶ್ನೆ! ಹಳೆಯದಕ್ಕೆ ಕ್ಷಮೆ ಕೇಳಿ ಹೊಸದೊಂದು ಬರೆದುಕೊಡುತ್ತೇನೆ ಎಂದು ಬಡಬಡಿಸಿ ಫೋನಿಟ್ಟೆ. ಅದೇ ನೀವೀಗ ಓದುತ್ತಿರುವುದು.

ಹಳೆಯ ಅಂಕಣಗಳನ್ನಾದರೂ ಹುಡುಕೋಣವೆಂದು ಅಡುಗೆಮನೆಗೆ ಹೋದೆ. ಹೌದು, ಅಡುಗೆಮನೆಗೇ. ಕಪಾಟಿನ ಹಲಗೆಗಳ ಮೇಲೆ ಹೆಂಡತಿ ಹಾಸುವುದು ನಾನು ಬರೆಯುವ ಪತ್ರಿಕೆಯನ್ನೇ. ಸಕ್ಕರೆ ಡಬ್ಬದಡಿ ‘ಮುಖ ನೋಡಿ ಮೊಕದ್ದಮೆ’ ಸಿಕ್ಕಿತು. ಎಣ್ಣೆ ಕುಡಿದು ಎರಡೂ ಬದಿ ಒಂದೇ ಆಗಿತ್ತು. ನನ್ನ ಸಮಗ್ರ ಸಾಹಿತ್ಯದ ಬ್ಯಾಕಪ್! ಅದರ ಮೇಲೆ ತಲೆಯಿಟ್ಟು ಕೂತಿದ್ದಾಗ ಬಾಗಿಲು ತೆರೆದ ಸದ್ದಾಯಿತು.

ಹೆಂಡತಿ ಬಂದು, ಕೈಚೀಲದಿಂದ ಅಂಗೈಯಗಲದ ಒಂದು ಪುಟ್ಟ ಡಿಸ್ಕು ತೆಗೆದು ಸಕ್ಕರೆ ಡಬ್ಬದ ಪಕ್ಕದಲ್ಲಿಟ್ಟಳು.

"ಏನಿದು?"

"ಮೂರನೇ ಡಿಸ್ಕು. ಹುನ್ನಾರದ್ದು."

"ಎಲ್ಲಿತ್ತು?"

"ಲ್ಯಾಬಿನ ಲಾಕರಲ್ಲಿ. ನೀವು ಫೋನಿನಿಂದ ಅಳಿಸ್ತೀನಿ ಅಂದ್ರಲ್ಲ, ಅವತ್ತು ಮಧ್ಯಾಹ್ನ ಆ ನಗೋರ ಅಂಗಡಿಗೆ ಹೋದೆ. ಪಾಪ, ಅವರೇ ಕೂತು ಕಾಪಿ ಮಾಡಿಕೊಟ್ರು. ಒಂದನ್ನೂ ಕೇಳಿಸ್ಕೊಳ್ಳಲಿಲ್ಲ."

ಮೇಡಂ ಹೇಗಿದ್ದಾರೆ! ಈಗ ಅರ್ಥವಾಯಿತು. ಧಡಕ್ಕನೆ ಎದ್ದು ಅವಳ ಪಕ್ಕಕ್ಕೆ ಹೋದೆ. ನನಗೆ ಅವಳ ಕಾಲಿಗೆ ಬೀಳುವಷ್ಟು ಸಂತೋಷ, ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು.

"ಹಾಗಾದ್ರೆ ನಿನ್ನೆ ಸಂಜೆಯೇ ಹೇಳಬಹುದಿತ್ತಲ್ಲೇ!"

"ಹೇಳಬಹುದಿತ್ತು. ಒಂದು ದಿನ ನೀವೂ ಶಂಕಿತ ಆಗಿರಿ ಅಂತ ಬಿಟ್ಟೆ."

"ಅಲ್ಲ, ಕ್ಲೌಡಿನವರನ್ನ ನೀನು ಅನುಮಾನಿಸಲಿಲ್ಲ, ಅಂಗಡಿಯವನನ್ನ ಅನುಮಾನಿಸಲಿಲ್ಲ, ಡಿಸ್ಕನ್ನೂ ಅನುಮಾನಿಸಲಿಲ್ಲ. ಮತ್ತೆ ಇದನ್ನ ಯಾಕೆ ಮಾಡಿಸಿದೆ?"

"ನೀವು ಒಬ್ಬರನ್ನ ಬಿಟ್ಟು ಊರನ್ನೆಲ್ಲ ಅನುಮಾನಿಸಿದ್ರಿ. ನಾನು ಊರನ್ನೆಲ್ಲ ಬಿಟ್ಟು ಆ ಒಬ್ಬರನ್ನ ಅನುಮಾನಿಸಿದೆ."

ಪುಟ್ಟ ಡಿಸ್ಕನ್ನು ಫೋನಿಗೆ ಸಿಕ್ಕಿಸಿ, ಹುಡುಕಿ, ಒಂದನ್ನು ಒತ್ತಿದಳು. ಅಡುಗೆಮನೆಯ ತುಂಬ ಅತ್ತೆಯ ಧ್ವನಿ. ರೇಡಿಯೋ ನಿಂತ ವಾರದ್ದಿರಬೇಕು.

"ಹೂಂ, ಕೇಳಿಸ್ಕೋ. ಒಂದೇ ಒಂದು ಇರೋ ಸಾಮಾನನ್ನ ಮಾತ್ರ ಅಳಿಯಂದಿರ ಕೈಗೆ ಕೊಡಬೇಡ ಕಣೇ. ಎರಡಿದ್ರೆ ಒಂದನ್ನ ಕೊಡು. ಮನುಷ್ಯ ಒಳ್ಳೆಯವರೇ. ಆದ್ರೆ ಬಿಚ್ಚಿ ನೋಡ್ತಾರೆ. ಈಗಲೂ ನಿನ್ನ ಪಕ್ಕದಲ್ಲೇ ನಿಂತು ಇದನ್ನ ಕದ್ದು ಕೇಳಿಸ್ಕೊಳ್ತಿರ್ತಾರೆ, ನಂಗೊತ್ತು."

ನಿಂತಿದ್ದೆ.